ಮೊಬೈಲ್ ಬಿಡಿಸಾಕ ಕಟ್ಟಿ ಮ್ಯಾಲ ಬಿಟ್ಟ ಬಸ್ಸು

ಮೂವತ್ತೊಂದು ವರ್ಷ ಬಸ್ಸಿನ್ಯಾಗ ಕಂಡಕ್ಟರಕಿ ಮಾಡಿದಾವ ನಾನು. ಗದಗಿನ ಬಸ್ಸು ಹತ್ತಿ "ಮುಂಡರಗಿ ಬಂತೇನ್ರಿ" ಅಂತ ಕೇಳಾವ್ರು, ಹೆಂಡ್ತಿನ್ನ ಹತ್ತಿಸಿ ತಾವು ಕೆಳಗ ಉಳಿದಾವ್ರು, ಮಂದಿ ಚೀಲಾ ಹೊತ್ಕೊಂಡು ಇಳದು ತಮ್ಮ ಚೀಲಾ ಬಸ್ಸಿನ್ಯಾಗ ಬಿಟ್ಟಾವ್ರು, ಎಲ್ಲಾರನ್ನೂ ನೋಡೀನಿ. ಹೋದ ವರ್ಷ ನಿವೃತ್ತಿ ಆದಾಗ ಗೊಂದಲ ಅನ್ನೂದನ್ನ ಡಿಪೋದಾಗ ಇಳಿಸಿ ಬಂದ್ನಿ ಅಂತ ತಿಳಕೊಂಡಿದ್ನಿ. ಅದು ಹಿಂದಿನ ಬಾಗಲದಿಂದ ಹತ್ತಿ ನನ್ನ ಜೋಡಿನ ಮನಿಗೆ ಬಂದಿತ್ತು.

ಮಗಳನ್ನ ಬೆಟಗೇರಿಗೆ ಕೊಟ್ಟೀವಿ. ಅಳಿಯಂದು ಮೊಬೈಲ್ ರಿಪೇರಿ ಅಂಗಡಿ, ಮಗಳೂ ಅಲ್ಲೇ ಕುಂಡ್ರತಾಳ. ಅವರ ಕೂಸು, ನನ್ನ ಮೊಮ್ಮಗಳು, ಗೋಣು ನಿಂತಾಗಿಂದ ಮೊಬೈಲ್ ನೋಡಕೋತನ ಬೆಳದಾಕಿ. ಉಣ್ಣಾಕ ಮೊಬೈಲು, ಮಲಗಾಕ ಮೊಬೈಲು. ಮೂರು ವರ್ಷ ತುಂಬಿದ್ರೂ "ಅವ್ವಾ" ಅನ್ನೂ ಮಾತು ಬರಲಿಲ್ಲ. ಬೇಕಾದ್ದನ್ನ ಬಟ್ಟು ಮಾಡಿ ತೋರಸೂದು, ಅಷ್ಟ. ಗದಗಿನ್ಯಾಗ ಮಕ್ಕಳ ಡಾಕ್ಟರ್ ಮೇಡಮ್ಮಾರಿಗೆ ತೋರಿಸಿದ್ರು. ಅವರು ಕಿವಿ ಪರೀಕ್ಷಾ ಮಾಡಿಸಿ, "ಕಿವಿ ಚೊಲೋ ಅದಾವು. ಮೂರು ತಿಂಗಳು ಮೊಬೈಲು, ಟಿವಿ ಯಾವುದೂ ಕಣ್ಣಿಗೆ ಬೀಳಬಾರದು. ಬರೇ ಆಟ, ಬರೇ ಮಾತು. ಅಷ್ಟರಾಗ ಒಂದು ಮಾತೂ ಬರಲಿಲ್ಲಂದ್ರ ಹುಬ್ಬಳ್ಳಿ ದೊಡ್ಡ ಆಸ್ಪತ್ರಿಗೆ ಚೀಟಿ ಬರದು ಕೊಡ್ತೀನಿ" ಅಂದ್ರಂತ.

ಮೊಬೈಲ್ ಅಂಗಡಿಯಾಗ ಇದು ಆಗೂ ಮಾತಲ್ಲ. ಮಗಳು ಕೂಸನ್ನ ಲಕ್ಷ್ಮೇಶ್ವರಕ್ಕ ಕರಕೊಂಡು ಬಂದು ನಮ್ಮ ಪಡಸಾಲ್ಯಾಗ ಇಳಿಸಿದ್ಲು. ಕಣ್ಣು ಕೆಂಪಗಾಗಿದ್ದವು. ಕೈಯಾಗ ಒಂದು ಪಟ್ಟಿ, ಮ್ಯಾಲ 'ಮೊಬೈಲ್ ಇಲ್ಲದ ಆಟಗಳು' ಅಂತ ಬರದು ಎರಡು ಗೆರಿ ಎಳದಿದ್ಲು.

"ಇಷ್ಟೆಲ್ಲಾ ಆಟ ನಿನಗ ಯಾರು ಹೇಳಿದ್ರವಾ?" ಅಂದ್ನಿ.

"ಮೊಬೈಲ್ದಾಗ ನೋಡಿ ಬರಕೊಂಡೆ ಅಪ್ಪಾ" ಅಂದ್ಲು.

ಖಾಲಿ ಡಬ್ಬಿ

ಪಟ್ಟಿಯೊಳಗ ಮೊದಲನೇದು, ಮಗುವಿಗೆ ದೊಡ್ಡ ಖಾಲಿ ರಟ್ಟಿನ ಡಬ್ಬಿ ಕೊಡಬೇಕು, ಅದು ಅದನ್ನ ಮನಿ, ಗಾಡಿ, ಏನ ಬೇಕಾದ್ರೂ ಮಾಡ್ಕೋತೈತಿ ಅಂತ. ಇದು ಸಲೀಸು ಅನಿಸ್ತು. ಬಜಾರದಾಗ ಟಿವಿ ಮಾರೂ ಅಂಗಡಿಗೆ ಹೋಗಿ ಇದ್ದದ್ರಾಗ ದೊಡ್ಡ ಡಬ್ಬಿ ಕೇಳಿ, ತಲಿ ಮ್ಯಾಲ ಹೊತ್ಕೊಂಡು ಹೊಂಟ್ನಿ. ಹಾದ್ಯಾಗ ಮೂರು ಮಂದಿ ನಿಲ್ಲಿಸಿ, "ಟಿವಿ ತುಗೊಂಡ್ರೇನ್ರಿ? ಎಷ್ಟು ಇಂಚಿಂದು?" ಅಂದ್ರು.

"ಟಿವಿ ಬ್ಯಾಡಂತ ಡಬ್ಬಿ ಒಯ್ಯಾಕತ್ತೀನ್ರಿ" ಅಂದ್ನಿ. ಮೂರೂ ಮಂದಿ ನನ್ನ ಮಾರಿ ನೋಡಿ ಹಾದಿ ಬಿಟ್ರು.

ಮನ್ಯಾಗ ಡಬ್ಬಿ ಇಳಿಸಿದ ಕೂಡಲೆ ಕೂಸು ಬಂದು ಸುತ್ತಾಕಿತು. ಡಬ್ಬಿ ಮಗ್ಗಲಕ್ಕ ದೊಡ್ಡದಾಗಿ ಟಿವಿ ಚಿತ್ರ, ಅದರೊಳಗ ಹಸರು ಗುಡ್ಡ, ಗುಡ್ಡದ ಮುಂದ ಒಂದು ಗಿಳಿ. ಕೂಸು ಅದರ ಮುಂದ ಚಕ್ಕಳಮಕ್ಕಳ ಹಾಕ್ಕೊಂಡು ಕುಂತು, ಬಟ್ಟು ಇಟ್ಟು ಗಿಳಿನ್ನ ಆ ಕಡೆ ಸರಸಾಕ ಹತ್ತಿತು. ಗಿಳಿ ಸರೀಲಿಲ್ಲ. ಇನ್ನೊಮ್ಮಿ ಸರಿಸಿತು. ಆಮ್ಯಾಲ ಎದ್ದು ಒಳಗ ಹೋತು. ಬ್ಯಾಸರಾಗಿ ಹೋತು, ಇನ್ನ ಡಬ್ಬಿನ್ನ ಗಾಡಿ ಮಾಡ್ಕೋತೈತಿ ಅಂತ ನಾನು ಕಾಯಾಕತ್ತಿದ್ನಿ. ಅದು ಒಳಗಿಂದ ನಮ್ಮ ಮನಿಯಾಕಿ ಫೋನಿನ ಚಾರ್ಜರ್ ಎಳಕೊಂಡು ಬಂದು, ಅದರ ವಾಯರನ್ನ ಡಬ್ಬಿಗೆ ಇದ್ದ ತೂತಿನ್ಯಾಗ ತುರುಕಿ, ನನ್ನ ಕಡೆ ನೋಡಿತು.

"ನೋಡ್ರಿ, ಎಷ್ಟು ಶಾಣ್ಯಾ ಅದಾಳ" ಅಂದ್ಲು ನಮ್ಮ ಮನಿಯಾಕಿ.

ನನಗ ಸಿಟ್ಟು ಬಂದು ಡಬ್ಬಿನ್ನ ತಿರುವಿ ಇಟ್ನಿ. ಆ ಮಗ್ಗಲಕ್ಕ ಇನ್ನೊಂದು ಟಿವಿ ಚಿತ್ರ, ಅದರಾಗ ಬಣ್ಣದ ಮೀನು. ಕೂಸು ಚಪ್ಪಾಳಿ ಹೊಡೀತು. ಅಜ್ಜ ಚಾನಲ್ ಬದಲಿ ಮಾಡಿದ ಅಂತ ಅದರ ತಿಳುವಳಿಕಿ.

ಮೂರು ನಮೂನಿ ಕಾಳು

ಎರಡನೇದು, ಮೂರು ನಮೂನಿ ಕಾಳು ಕಲಸಿ ಇಡಬೇಕು, ಕೂಸು ಅವನ್ನ ಬ್ಯಾರೆ ಬ್ಯಾರೆ ಆರಿಸಬೇಕು. ನಮ್ಮ ಮನಿಯಾಕಿ ಈ ಮಾತು ಕೇಳಿ ಪಟ್ಟಿನ್ನ ಕಸಕೊಂಡು ಎರಡೂ ಮಗ್ಗಲ ನೋಡಿದ್ಲು.

"ಹಸನ ಮಾಡಿ ಇಟ್ಟ ಕಾಳನ್ನ ಬೇಕಂತ ಕಲಸೂದಾ? ಯಾವ ಊರ ಬುದ್ಧಿ ಇದು?"

ಅಕಿ ನೀರಿಗೆ ಹೋದಾಗ ನಾನ ಹೆಸರು, ಮಡಿಕಿ, ಅಲಸಂದಿ ಮೂರೂ ಒಂದು ತಾಟಿಗೆ ಸುರುವಿ ಕಟ್ಟಿ ಮ್ಯಾಲ ಇಟ್ಟು, ಕೂಸನ್ನ ಕುಂಡ್ರಿಸಿದ್ನಿ. ಒಂದೂ ಬಾಯಾಗ ಹಾಕ್ಕೊಳ್ದಂಗ ಮುಂದ ಕಾವಲು ಕುಂತ್ನಿ. ಕೂಸು ನಾಕು ಕಾಳು ಎತ್ತಿ ನನ್ನ ಅಂಗಿ ಕಿಸೆದಾಗ ಹಾಕಿತು. ಅಷ್ಟರಾಗ ಬಾಜೂಮನಿ ಚಾಚಿ ಬಂದ್ಲು. ಬಜಾರದಾಗ ಬಳಿ ಅಂಗಡಿ ಅಕಿದು, ಊಟಕ್ಕ ಮನಿಗೆ ಬಂದಿದ್ಲು.

"ಏನ್ರಿ ಕಂಡಕ್ಟರ್ರ, ಗಂಡಸರು ನೀವು ಕಾಳು ಆರಸೂದಾ? ಸರೀರಿ ಅತ್ತಾಗ" ಅಂತ ಕುಂತಾಕಿನ ಹತ್ತು ನಿಮಿಷದಾಗ ಮೂರು ಗುಂಪಿ ಮಾಡಿ ಎದ್ದು ಹೋದ್ಲು.

ನಾನು ಮತ್ತ ಕಲಸಿದ್ನಿ. ಹಾಲು ಕೊಡಾಕಿ ಬಂದ್ಲು, ಕ್ಯಾನು ಇಳಿಸಿ ಕುಂತು ಆರಿಸಿದ್ಲು. ಇನ್ನೊಮ್ಮಿ ಕಲಸಿದ್ನಿ. ಎದರ ಮನಿ ಅತ್ತಿ ಸೊಸಿ ಇಬ್ಬರೂ ಬಂದ್ರು. ಕಾಳಿನ ತಾಟು ಕಂಡ್ರ ಕುಂಡ್ರದ ಹೋಗೂ ಹೆಣಮಗಳು ನಮ್ಮ ಓಣ್ಯಾಗ ಹುಟ್ಟಿಲ್ಲ. "ಬ್ಯಾಡ್ರವಾ, ಇದು ಕೂಸಿನ ಆಟಾ" ಅಂದ್ರ, "ಹೌದೌದ್ರಿ" ಅಂತಾರ, ಕೈ ಮಾತ್ರ ನಿಲ್ಲೂದಿಲ್ಲ. ವಾರದಾಗ ದಿನಾ ಮಧ್ಯಾಹ್ನ ಆರೇಳು ಮಂದಿ ಕೂಡಿ ಕಾಳು ಆರಸೂದು, ಕೂಸು ಯಾರದೋ ತೊಡಿ ಮ್ಯಾಲ ನಿದ್ದಿ ಮಾಡೂದು ಶುರುವಾತು.

ಒಂದಿನಾ ಶಿರಹಟ್ಟಿಯಿಂದ ಒಬ್ಬಾವ ಬೈಕಿನ ಮ್ಯಾಲ ಬಂದು ಕಟ್ಟಿ ಮುಂದ ನಿಂತು ನಮಸ್ಕಾರ ಮಾಡಿದ. ಮದವಿ ಅಡಗಿ ಮಾಡಾವ. ವಾರಗಟ್ಟಲೆ ಕಾಳು ಹಸನ ಮಾಡಾಕತ್ತಾರ ಅಂತ ಖಬರ ಅಲ್ಲೀತನಕ ಹೋಗಿತ್ತು.

"ಊಟಕ್ಕ ಎಷ್ಟು ಮಂದಿ ಆಗಬಹುದ್ರಿ ಯಜಮಾನ್ರ?" ಅಂದ.

"ಒಬ್ಬಾಕೀನ" ಅಂದ್ನಿ. "ಅಕಿಗೂ ಹಲ್ಲು ಪೂರಾ ಬಂದಿಲ್ಲ."

ಎರಿ ಮಣ್ಣು

ಕುರ್ತಕೋಟಿ ಬೀಗರು, ಅಂದ್ರ ಅಳಿಯನ ಅಪ್ಪ, ಕೂಸಿಗೆ ಆಡಾಕಂತ ತಮ್ಮ ಹೊಲದ ಕರೇ ಎರಿ ಮಣ್ಣು ಅರ್ಧ ಚೀಲ ಕಳಿಸಿದ್ರು. ಮಣ್ಣಿನ್ಯಾಗ ಆಡಿದ್ರ ಕೈಬಟ್ಟಿಗೆ ಬಲ ಬರತೈತಿ, ಬುದ್ಧಿ ಚುರುಕಾಗತೈತಿ ಅಂತ ಪಟ್ಟಿಯೊಳಗೂ ಇತ್ತು. ನೀರು ಹಾಕಿ ನಾದಿ, ಕೂಸಿಗೆ ತೋರಸಾಕಂತ ಒಂದು ಎತ್ತು ಮಾಡಿದ್ನಿ. ಚೊಲೋ ಬಂತು. ಕೂಸು ಕೈ ಚಾಚಿತು. ಅದಕ್ಕಿಂತ ಮೊದಲ ನಮ್ಮ ಮನಿಯಾಕಿ ಕೈ ಬಂತು.

"ಅಯ್ಯ, ಮಣ್ಣೆತ್ತು" ಅಂದಾಕಿನ ಒಯ್ದು ದೇವರ ಜಗಲಿ ಮ್ಯಾಲಿಟ್ಟು ಕುಂಕುಮ ಹಚ್ಚಿದ್ಲು.

"ಲೇ, ಮಣ್ಣೆತ್ತಿನ ಅಮಾಸಿ ಇನ್ನೂ ದೂರ ಐತಿ. ಅದು ಆಟದ್ದು."

"ಎತ್ತು ಮಾಡಿದ ಮ್ಯಾಲ ಪೂಜಾ ಆಗಬೇಕು. ಆಟದ್ದಂತ ಹೆಂಗ ಅಂತೀರಿ?"

ಆತು ಅಂತ ಇನ್ನೊಂದು ಮಾಡಿದ್ನಿ. ಒಂಟಿ ಎತ್ತು ಇಡಬಾರದಂತ ಅದನ್ನೂ ಒಯ್ದು ಜೋಡಿ ಮಾಡಿದ್ಲು. ಮೂರನೇದಾಗಿ ಜ್ವಾಳದ ಕಣಜ ಮಾಡಾಕ ಹೋದ್ನಿ. ಎತ್ತಿನ ಮುಂದ ಮೇವು ಹಾಕೂ ಗೋದಲಿ ಬೇಕಾಗಿತ್ತಂತ, ಅದು ಗೋದಲಿ ಆಗಿ ಹೋತು. ಕೂಸು ಪಾಪ, ನನ್ನ ಕೈ ನೋಡೂದು, ಜಗಲಿ ನೋಡೂದು. ಕಡೀಕ ನಾನೂ ಹಟಕ್ಕ ಬಿದ್ದು ಉಳದ ಮಣ್ಣಿಲೆ ಒಂದು ಬಸ್ಸು ಮಾಡಿದ್ನಿ. ನಾಕು ಗಾಲಿ, ಹಿಂದ ನಿಚ್ಚಣಿಕಿ, ಮುಂದ ಬೋರ್ಡು. ಇದಕ್ಕ ಹೆಂಗ ಪೂಜಾ ಮಾಡ್ತಾಳ ನೋಡೂಣು ಅಂತ ಮುಂದ ಹಿಡದ್ನಿ.

ಅಕಿ ಬಸ್ಸು ಕೈಯಾಗ ಹಿಡಕೊಂಡು ಸುತ್ತ ತಿರುವಿ ನೋಡಿದ್ಲು. ಆಮ್ಯಾಲ, "ಆಯುಧಪೂಜಾ ದಿನ ನಿಮ್ಮ ಬಸ್ಸಿಗೆ ನಾನ ಅಲ್ಲೇನು ಆರತಿ ಬೆಳಗ್ತಿದ್ದಾಕಿ?" ಅಂತ ಅದನ್ನೂ ಒಯ್ದು ಎತ್ತಿನ ಮಗ್ಗಲಕ್ಕಿಟ್ಲು.

ಮಣ್ಣು ತೀರಿತ್ತು. ಮರುದಿನ ನಾನು ಅಂಗಳದಾಗ ಬಗ್ಗಿ ಒಂದು ಮಣ್ಣಿನ ಹೆಂಟಿ ಎತ್ತಿದ ಕೂಡಲೆ ಕೂಸು ಕಣ್ಣು ಮುಚ್ಚಿ ಕೈ ಮುಗೀತು.

ಮಾಡಿದ್ದೆಲ್ಲಾ ಹೇಳೂದು

ಇಷ್ಟಾದ್ರೂ ಮಾತಿಲ್ಲ. ಎರಡು ತಿಂಗಳು ಹೋಗಿತ್ತು. ಮಗಳು ದಿನಾ ಫೋನು ಮಾಡಾಕಿ. ನಮ್ಮ ಫೋನು ಕೂಸಿಗೆ ಕಾಣದಂಗ ಜ್ವಾಳದ ಡಬ್ಬ್ಯಾಗ ಇರತಿತ್ತು, ಬಂದಾವ್ರು ಡಬ್ಬಿ ಬಡಕೊಳ್ಳೂದನ್ನ ಕೇಳಿ ಗಾಬರಿ ಆಗಾವ್ರು. "ಏನರ ಅಂದ್ಲೇನಪಾ?" ಅಂತ ಅಕಿ ಕೇಳೂದು, "ಇನ್ನೂ ಇಲ್ಲವಾ" ಅಂತ ನಾ ಹೇಳೂದು. ಆ ಕಡೆ ಉಸಿರು ಎಳಕೊಳ್ಳೂದು ಕೇಳಸ್ತಿತ್ತು. ನನಗೂ ಒಳಗೊಳಗ ಅಂಜಿಕಿ ಬಂದಿತ್ತು. ಬಾಯಿ ಮಾಡಿ ಮಾಡೀನ ಜನ್ಮಾ ಕಳದಾವ ನಾನು, ನನ್ನ ಮೊಮ್ಮಗಳಿಗೆ ಮಾತು ಬರೂದಿಲ್ಲಂದ್ರ ಹೆಂಗ?

ಪಟ್ಟಿಯೊಳಗ ಇನ್ನೊಂದು ಇತ್ತು. ನೀವು ಮಾಡೂ ಕೆಲಸಾ ಎಲ್ಲಾ ಮಗುವಿಗೆ ಕೇಳೂವಂಗ ಬಾಯಿಲೆ ಹೇಳಕೋತ ಇರ್ರಿ ಅಂತ. ಅವತ್ತಿಂದ ಕೂಸನ್ನ ಬಜಾರಕ್ಕ ಕರಕೊಂಡು ಹೊಂಟು ಶುರು ಹಚ್ಚಿಕೊಂಡ್ನಿ. "ಅಜ್ಜ ಈಗ ಚಪ್ಪಲಿ ಹಾಕ್ಕೊಂಡ. ಅಜ್ಜ ಈಗ ರಸ್ತಾ ದಾಟತಾನ. ಅಜ್ಜ ಈಗ ಬದನಿಕಾಯಿ ನೋಡತಾನ. ಅಜ್ಜಗ ಬದನಿಕಾಯಿ ಸೇರೂದಿಲ್ಲ."

ನಾಕನೇ ದಿನ ಕೂಸು ಚಾಚಿ ಬಳಿ ಅಂಗಡಿ ಮುಂದ ನಿಂತುಬಿಟ್ಟೈತಿ, ಚಾಚಿ ಒಳಗ ಕುಂಡ್ರಿಸಿಕೊಂಡಾಳ, ನಾನು ನೋಡೇ ಇಲ್ಲ. ಹಂಗ ಹೇಳಕೋತ ಬಸ್ ಸ್ಟ್ಯಾಂಡ್ ತನಕ ಹೋಗೀನಿ. ಅಲ್ಲಿ ನನ್ನ ಜೋಡಿ ಹದಿನೈದು ವರ್ಷ ಗಾಡಿ ಹೊಡದ ಮುಂಡರಗಿ ಡ್ರೈವರ್ ಚಾ ಕುಡಕೋತ ನಿಂತಿದ್ದ. ನಾನು ಅವನ ಮುಂದ ನಿಂತು, "ಅಜ್ಜ ಈಗ ಡ್ರೈವರ್ ಮಾಮಾನ್ನ ನೋಡಿದ. ಮಾಮಾನ ಮೀಸಿ ಬೆಳ್ಳಗಾಗ್ಯಾವು" ಅಂದ್ನಿ.

ಅಂವ ಕಪ್ಪು ಕೆಳಗಿಟ್ಟ. ನನ್ನ ಹಿಂದ ಮುಂದ ನೋಡಿದ, ಯಾರೂ ಇಲ್ಲ. ಮೆಲ್ಲಕ ನನ್ನ ತೋಳು ಹಿಡಕೊಂಡು, "ದೋಸ್ತಾ, ನಿವೃತ್ತಿ ಆದ ಮ್ಯಾಲ ಕೆಲವರಿಗೆ ಹಿಂಗ ಆಗತೈತಂತ. ಗದಗಿನ್ಯಾಗ ಒಬ್ಬರು ಡಾಕ್ಟರ್ ಮೇಡಮ್ ಅದಾರ, ಭಾಳ ಚೊಲೋ ನೋಡ್ತಾರ" ಅಂತ ಹೆಸರು ಹೇಳಿದ.

ಕೂಸಿನ ಡಾಕ್ಟರ ಅವರು.

ಕಟ್ಟಿ ಮ್ಯಾಲಿನ ಬಸ್ಸು

ಪಟ್ಟಿ ಮಡಚಿ ಇಟ್ಟು ನನಗ ಬರೂ ಆಟಾನ ಆಡಿಸಿದ್ನಿ. ಕಟ್ಟಿ ಮ್ಯಾಲ ಸ್ಟೂಲು, ಕುಂಡ್ರೂ ಮಣಿ, ಉಲ್ಟಾ ಬುಟ್ಟಿ, ಟಿವಿ ಡಬ್ಬಿ ಎಲ್ಲಾ ಎರಡೆರಡು ಸಾಲು ಇಟ್ನಿ. ಹಳೇ ಕ್ಯಾಲೆಂಡರ್ ಕತ್ತರಿಸಿ ಹೊಲದು ಟಿಕೇಟ್ ಪುಸ್ತಕ ಮಾಡಿದ್ನಿ. ಈಗಿನ ಟಿಕೇಟ್ ಮಷಿನ್ ಮಾಡೂವಂಗಿಲ್ಲ, ಅದಕ್ಕೂ ಒಂದು ಪರದೆ ಇರತೈತಿ. ನನ್ನ ಚರ್ಮದ ಚೀಲಾ ಕೂಸಿನ ಕೊಳ್ಳಾಗ ಹಾಕಿದ್ನಿ, ಅದು ನೆಲಾ ಮುಟ್ಟಿತು.

"ಶಿರಹಟ್ಟಿ, ಬೆಳ್ಳಟ್ಟಿ, ಮುಂಡರಗಿ" ಅಂತ ಮೊದಲಿನಂಗ ಒಂದು ಬಾಯಿ ಮಾಡಿದ್ನಿ. ಕಾಳು ಆರಸಾಕ ಬರೂ ಹೆಣಮಕ್ಕಳೆಲ್ಲಾ ಬಂದು ಹತ್ತಿದ್ರು. ನಾನು ರೂಢಿ ಪ್ರಕಾರ, "ಹೆಣಮಕ್ಕಳು ಆಧಾರ ತೋರಸ್ರಿ, ಒಳಗ ನಡೀರಿ" ಅಂದ್ನಿ. ಹೆಣಮಕ್ಕಳಿಗೆ ಬಸ್ಸು ಪುಕ್ಕಟ ಆದಾಗಿಂದ ಬಾಯಿಗೆ ಕುಂತ ಮಾತದು. ಚಾಚಿ ಖರೇನ ಸೆರಗಿನ ಗಂಟು ಬಿಚ್ಚಿ ಆಧಾರ ಕಾರ್ಡ್ ತಗದ್ಲು. ಕೂಸು ಅದನ್ನ ತುಗೊಂಡು ಹಿಂದ ಮುಂದ ತಿರುವಿ ನೋಡಿ, ವಾಪಸ್ ಕೊಟ್ಟು, ಚರ್ ಅಂತ ಒಂದು ಟಿಕೇಟ್ ಹರದು ಕೊಟ್ಟಿತು. ಎರಡು ತಿಂಗಳದಾಗ ಅದರ ಮಾರಿ ಮ್ಯಾಲ ಅಂಥಾ ಕಳಾ ನಾ ನೋಡಿದ್ದಿಲ್ಲ.

ಎದರ ಮನಿ ಸೊಸಿ ಮಾತ್ರ, "ಕಾರ್ಡ್ ಮನ್ಯಾಗೈತ್ರಿ, ಇದರಾಗ ಫೋಟೋ ಐತಿ ನೋಡ್ರಿ" ಅಂತ ಮೊಬೈಲ್ ತಗದ್ಲು. ಕೂಸಿನ ಕಣ್ಣಿಗೆ ಬಿದ್ರ ಎರಡು ತಿಂಗಳದ್ದು ನೀರಾಗ ಹೋದಂಗ. ಜೋರಲೆ, "ಮೊಬೈಲ್ದಾಗ ನಡಿಯೂದಿಲ್ಲರಿ, ಒರಿಜಿನಲ್ ತೋರಸ್ರಿ, ಇಲ್ಲಾಂದ್ರ ಇಳೀರಿ" ಅಂದ್ನಿ. ಅಕಿ ಇಳದು ಮನಿಗೆ ಹೋಗಿ ಕಾರ್ಡ್ ತಂದು ಹತ್ತಿದ್ಲು. ಅವತ್ತಿಂದ ದಿನಾ ಬಸ್ಸು, ದಿನಾ ಇದ ಮಾತು. ದಿನಕ್ಕ ಹತ್ತು ಸಲ ನಾನು ಅನ್ನೂದು, ಕೂಸು ಸುಮ್ಮನ ಟಿಕೇಟ್ ಹರಿಯೂದು.

ಒಂದಿನಾ ಒಬ್ಬ ಮುದುಕಪ್ಪ ಚೀಲಾ ಹೊತ್ಕೊಂಡು ಬಂದು ಹಿಂದಿನ ಸ್ಟೂಲಿನ ಮ್ಯಾಲ ಕುಂತ. ನೆರಳಿಗೆ ಕುಂತಿರಬೇಕು ಅಂತ ತಿಳಕೊಂಡ್ವಿ, ಕೂಸು ಅಂವಗೂ ಒಂದು ಟಿಕೇಟ್ ಹರದು ಕೊಟ್ಟಿತು. ಅಷ್ಟೊತ್ತಿಗೆ ನಮ್ಮ ಮನಿ ಮುಂದಿಂದ ಖರೇ ಬೆಳ್ಳಟ್ಟಿ ಬಸ್ಸು ಹೋತು.

"ಅಜ್ಜಾರ, ನೀವು ಯಾವೂರಿಗೆ ಹೊಂಟೀರಿ?" ಅಂದ್ನಿ.

"ಬೆಳ್ಳಟ್ಟಿಗೆ. ನೀವ ಒದರಿದ್ರೆಲಾ?"

"ಅಯ್ಯ, ಬೆಳ್ಳಟ್ಟಿ ಬಸ್ಸು ಈಗ ಹೋತಲ್ರಿ."

ಮುದುಕಪ್ಪ ರಸ್ತಾ ನೋಡಿದ, ನಮ್ಮ ಬುಟ್ಟಿ ಸ್ಟೂಲು ನೋಡಿದ, ಕೈಯಾಗಿನ ಕ್ಯಾಲೆಂಡರ್ ಚೂರು ನೋಡಿದ. ಆಮ್ಯಾಲ ಕಾಲು ಚಾಚಿ ಕುಂತು, "ಹೋಗಲಿ ಬಿಡ್ರಿ. ಅದರಾಗ ಕುಂಡ್ರಾಕ ಜಾಗಾನ ಸಿಗೂದಿಲ್ಲ" ಅಂದ.

ಚೀಟಿ

ಮೂರು ತಿಂಗಳು ತುಂಬಿತು. ಒಂದು ಮಾತೂ ಬರಲಿಲ್ಲ. ಮಗಳು, ಅಳಿಯ, ನಾವಿಬ್ಬರು, ಎಲ್ಲಾರೂ ಕೂಸನ್ನ ಕರಕೊಂಡು ಗದಗಿಗೆ ಹೋದ್ವಿ. ಕೂಸು ಟಿಕೇಟಿನ ಚೀಲಾ ಬಿಟ್ಟು ಬರಾಕ ಒಪ್ಪಲಿಲ್ಲ, ಕೊಳ್ಳಾಗ ಹಾಕ್ಕೊಂಡ ಬಂದಿತ್ತು. ದವಾಖಾನಿ ಬಾಕಿನ ಮ್ಯಾಲ ಕುಂತಾಗ ಅಳಿಯ, "ಮಾವಾರ, ಹುಬ್ಬಳ್ಳಿಗೆ ಒಯ್ಯೂದಾದ್ರ ನಾಳೆನ ಒಯ್ಯೂಣ್ರಿ" ಅಂದ. ದನಿ ಸಣ್ಣದಾಗಿತ್ತು. ಅಂಗಡಿ ಬಂದ್ ಮಾಡಿ ಬಂದಿದ್ದ, ಯಾರ ಕಡೆನೂ ನೋಡವಲ್ಲ.

ಮೇಡಮ್ಮಾರು ಕೂಸನ್ನ ಮುಂದ ಕರದು, "ನಿನ್ನ ಹೆಸರೇನವಾ?" ಅಂದ್ರು. ಕೂಸು ಅವರ ಮಾರಿ ನೋಡಿತು. ಆಕಳ ಚಿತ್ರ ತೋರಿಸಿ, "ಇದೇನು?" ಅಂದ್ರು. ಕೂಸು ಆಕಳ ನೋಡಿತು. ಚೆಂಡು ತೋರಿಸಿದ್ರು, ಚೆಂಡು ನೋಡಿತು.

"ಮೊಬೈಲ್ ಪೂರಾ ಬಿಡಿಸೀರಿ?"

"ಪೂರಾ ಬಿಡಿಸೀವ್ರಿ" ಅಂದ್ಲು ಮಗಳು.

ಮೇಡಮ್ಮಾರು ಪೆನ್ನು ತುಗೊಂಡು ಹುಬ್ಬಳ್ಳಿಗೆ ಚೀಟಿ ಬರಿಯಾಕ ಹತ್ತಿದ್ರು. ಮಗಳು ಸೆರಗು ಬಾಯಿಗೆ ಒತ್ತಿ ಹಿಡದ್ಲು. ನಮ್ಮ ಮನಿಯಾಕಿ ಯಾವ್ಯಾವ ದೇವರನ್ನೋ ನೆನಿಯಾಕತ್ತಿದ್ಲು. ನಾನು ಗ್ವಾಡಿ ಕಡೆ ಮಾರಿ ಮಾಡಿ ನಿಂತ್ನಿ. ಬರದು ಮುಗಿಸಿ, ಮೇಡಮ್ಮಾರು ಚೀಟಿನ್ನ ಪ್ಯಾಡಿನಿಂದ ಚರ್ ಅಂತ ಹರದ್ರು.

ಆ ಸಪ್ಪಳಕ್ಕ ಕೂಸು ಅವರವ್ವನ ತೊಡಿಯಿಂದ ಇಳೀತು. ಚೀಲಾ ಸರಿ ಮಾಡ್ಕೊಂಡು ಟೇಬಲ್ ಹಂತೇಕ ಹೋತು. ಮೇಡಮ್ಮಾರ ಕೈಯಾಗಿನ ಚೀಟಿ ಕಸಕೊಂಡು, ಅವರ ಕಡೆ ನೋಡಿ,

"ಆಧಾರ ತೋರಸ್ರಿ" ಅಂತು.

ನನ್ನ ಕಿವೀನ ನನಗ ಸುಳ್ಳು ಹೇಳಾಕತ್ತಾವು ಅನಿಸ್ತು.

"ಏನಂದಿ?" ಅಂದ್ರು ಮೇಡಮ್ಮಾರು.

"ಆಧಾರ ತೋರಸ್ರಿ. ಒಳಗ ನಡೀರಿ."

ದನಿ ನಂದ. ನಿಂತ ಪರಿ ನಂದ. ಮೇಡಮ್ಮಾರಿಗೆ ಏನು ತಿಳೀತೋ ಏನೋ, ಗಾಬರಿಲೆ ವ್ಯಾನಿಟಿ ಬ್ಯಾಗ್ ತಗದು ಹುಡಕಾಕ ಹತ್ತಿದ್ರು. ಕಾರ್ಡ್ ಸಿಗಲಿಲ್ಲ. "ಇರು ಇರು, ಇದರಾಗ ಐತಿ" ಅಂತ ಮೊಬೈಲ್ ತಗದು, ಆಧಾರದ ಫೋಟೋ ಹಚ್ಚಿ, ಕೂಸಿನ ಕಣ್ಣಿನ ಮುಂದ ಹಿಡದ್ರು.

ಅಳಿಯ "ಮೇಡಮ್" ಅಂತ ಬಾಯಿ ತಗದಾವ ಹಂಗ ನಿಂತ. ಮೂರು ತಿಂಗಳ ಮ್ಯಾಲ, ಲಕಲಕ ಹೊಳಿಯೂ ಮೊಬೈಲು, ಒಂದು ಗೇಣಿನ ದೂರದಾಗ. ಕೂಸು ಅದನ್ನ ನೋಡಿತು. ಮೇಡಮ್ಮಾರನ್ನ ನೋಡಿತು. ಆಮ್ಯಾಲ ಎಡಗೈಲೆ ಮೊಬೈಲನ್ನ ಅತ್ತಾಗ ಸರಿಸಿ, ಜೋರಲೆ ಅಂತು,

"ಮೊಬೈಲ್ದಾಗ ನಡಿಯೂದಿಲ್ಲರಿ. ಇಳೀರಿ."

ಮೇಡಮ್ಮಾರು ಖುರ್ಚಿ ಬಿಟ್ಟು ಎದ್ದು ನಿಂತ್ರು.